ಎಪಿಕ್: ಕೆಲಸ ಒಳ್ಳೆಯದು, ಕಾಗದಪತ್ರದಲ್ಲೇ ಎಡವುವುದು ಹೆಚ್ಚು

ದಕ್ಷಿಣ ಕೊರಿಯಾದ ಸರ್ಕಾರಿ ಶಾಲೆಗಳಿಗೆ ಇಂಗ್ಲಿಷ್ ಶಿಕ್ಷಕರನ್ನು ಆರಿಸುವ ಎಪಿಕ್ ಯೋಜನೆ 1995ರಿಂದ ನಡೆಯುತ್ತಿದೆ. ನೇರವಾಗಿ ಅರ್ಜಿ ಹಾಕಿದರೆ ಶುಲ್ಕವೇ ಇಲ್ಲ. ಮಧ್ಯವರ್ತಿ ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ವಾರಕ್ಕೆ 22 ಗಂಟೆ ಪಾಠ, ಒಂದು ವರ್ಷದ ಕರಾರು, ಉಳಿದುಕೊಳ್ಳಲು ಮನೆ. ಈ ಮಟ್ಟಿಗೆ ವ್ಯವಸ್ಥೆ ನಿಜಕ್ಕೂ ಚೆನ್ನಾಗಿದೆ.

ಅರ್ಜಿ, ಸಂದರ್ಶನ ಅಷ್ಟೇನೂ ಕಷ್ಟವಲ್ಲ. ಪಾಠಯೋಜನೆಯನ್ನು ಮಾತ್ರ ಮುತುವರ್ಜಿಯಿಂದ ಬರೆಯಿರಿ: ಯಾವ ತರಗತಿ, ಯಾವ ಚಟುವಟಿಕೆಗೆ ಎಷ್ಟು ನಿಮಿಷ, ಕೊರಿಯನ್ ಸಹಶಿಕ್ಷಕರು ಆಗ ಏನು ಮಾಡುತ್ತಾರೆ ಎಂಬುದು ಕಾಣಬೇಕು.

ಹೆಚ್ಚಿನವರು ಸಿಕ್ಕಿಬೀಳುವುದು ಅಪೊಸ್ಟಿಲ್‌ನಲ್ಲಿ, ಅಂದರೆ ದಾಖಲೆ ಅಸಲಿಯೆಂದು ಬೇರೆ ದೇಶ ಒಪ್ಪುವಂತೆ ಸರ್ಕಾರ ಹಾಕಿಕೊಡುವ ಮುದ್ರೆಯಲ್ಲಿ. ಪದವಿ ಪ್ರಮಾಣಪತ್ರಕ್ಕೂ ಅಪರಾಧ ದಾಖಲೆ ತಪಾಸಣೆಯ ಪತ್ರಕ್ಕೂ ಆ ಮುದ್ರೆ ಬೇಕು. ತಪಾಸಣೆ ರಾಷ್ಟ್ರಮಟ್ಟದ್ದೇ ಆಗಿರಬೇಕು, ಸ್ಥಳೀಯ ಪೊಲೀಸರ ಪತ್ರ ನಡೆಯುವುದಿಲ್ಲ. ಅಮೆರಿಕದವರಾದರೆ ಎಫ್‌ಬಿಐ ವರದಿಗೆ ಕೇಂದ್ರ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಬೇಕು. ರಾಜ್ಯದ ಮುದ್ರೆ ಹಾಕಿಸಿದರೆ ವಾಪಸ್ ಬರುತ್ತದೆ, ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. ಸಂದರ್ಶನದ ಫಲಿತಾಂಶಕ್ಕೆ ಕಾಯದೆ, ಅರ್ಜಿ ಹಾಕುವ ಹೊತ್ತಿಗೇ ಈ ಕೆಲಸ ಶುರುಮಾಡಿ.

ಶಿಕ್ಷಣ ವಿಷಯದಲ್ಲಿ ಪದವಿ ಇಲ್ಲದವರು ಕನಿಷ್ಠ 100 ಗಂಟೆಯ ಟೆಫಲ್ (ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಇಂಗ್ಲಿಷ್ ಕಲಿಸುವ ತರಬೇತಿ) ಮಾಡಿರುವುದು ಒಳ್ಳೆಯದು.

ದೊಡ್ಡ ಕೊರತೆಯೆಂದರೆ ಊರಿನ ಆಯ್ಕೆ. ಇಷ್ಟದ ಊರು ಬರೆಯಬಹುದು, ಸಿಗುವ ಖಾತರಿಯಿಲ್ಲ; ಶಾಲೆ ಯಾವುದೆಂದು ತಿಳಿಯುವುದೂ ತೀರಾ ತಡವಾಗಿ. ರಾಜಧಾನಿ ಸೋಲ್ ಬಿಟ್ಟು ಬೇರೆಲ್ಲೂ ಇರಲಾರೆ ಎನ್ನುವವರಿಗೆ ಇದು ಸರಿಹೋಗದು. ಹಳ್ಳಿ ಶಾಲೆಗೂ ಸಿದ್ಧರಿರುವವರು ಧೈರ್ಯವಾಗಿ ಅರ್ಜಿ ಹಾಕಬಹುದು.