ಫಂದಾಂಗೊ ಹಾಡಿಗೆ ಗಿಟಾರಿನ ಪಕ್ಕವಾದ್ಯ: ಒಂದು ವೀಡಿಯೊ ಪಾಠಸರಣಿಯ ವಿಮರ್ಶೆ

ಸ್ಪೇನಿನ ಫ್ಲಮೆಂಕೊ ಸಂಗೀತದ ಒಂದು ಹಾಡಿನ ಬಗೆಯಾದ ಫಂದಾಂಗೊವನ್ನು ಹಾಡುವವರ ಜೊತೆ ಗಿಟಾರ್ ನುಡಿಸುವುದನ್ನಷ್ಟೇ ಕಲಿಸುವ ಪಾಠಗಳು ಅಪರೂಪವಾದ್ದರಿಂದ, ಈ ಸರಣಿಯನ್ನು ನಾನು ಬಹಳ ನಿರೀಕ್ಷೆಯಿಂದ ಕೊಂಡುಕೊಂಡೆ. ಮೂರು ತಿಂಗಳ ಅಭ್ಯಾಸದ ಬಳಿಕ ಹೇಳುವುದಾದರೆ, ಇದರ ದ್ವಿತೀಯಾರ್ಧಕ್ಕಾಗಿಯೇ ಕೊಟ್ಟ ಹಣ ಸಾರ್ಥಕವಾಯಿತು.

ಮೊದಲರ್ಧದಲ್ಲಿರುವುದು ಸ್ಪೇನಿನ ನೈಋತ್ಯ ಮೂಲೆಯ ಉಯೆಲ್ವಾ ಪ್ರಾಂತದ ಫಂದಾಂಗೊ. ಲಯ ಮೂರರ ಎಣಿಕೆಯದು, ಬಿಗಿಯಾದದ್ದು. ಗಿಟಾರು ಎ ಮೈನರ್, ಜಿ, ಎಫ್, ಇ ಕಾರ್ಡುಗಳಲ್ಲಿ (ಒಟ್ಟಿಗೆ ಮೀಟುವ ಸ್ವರಗುಚ್ಛಗಳಲ್ಲಿ) ಇಳಿಯುತ್ತ ಫ್ರಿಜಿಯನ್ ಎಂಬ ಸ್ವರಶ್ರೇಣಿಯ ಛಾಯೆಯಲ್ಲಿ ಪೀಠಿಕೆ ಹಾಕುತ್ತದೆ. ಹಾಡು ಎದ್ದೊಡನೆ ಸಿ ಮೇಜರ್‌ಗೆ ಹೊರಳಿ, ತೆರ್ಸಿಯೊ ಎನ್ನುವ ಆರು ಸಾಲುಗಳಲ್ಲಿ ಮೊದಲ ಐದನ್ನು ಸಿ, ಎಫ್, ಸಿ, ಜಿ, ಸಿ ಕಾರ್ಡುಗಳ ಮೇಲೆ ನಿಲ್ಲಿಸುತ್ತ ಸಾಗಿ, ಆರನೆಯದರಲ್ಲಿ ಎಫ್‌ನಿಂದ ಇ ಗೆ ಇಳಿದು ನೆಲೆ ಸೇರುತ್ತದೆ. ಪದ್ಯದಲ್ಲಿ ನಾಲ್ಕೋ ಐದೋ ಸಾಲಿದ್ದರೂ ಕೆಲವನ್ನು ಮರಳಿ ಹಾಡಿ ಆರು ಮಾಡಿಕೊಳ್ಳುತ್ತಾರೆ ಎಂಬುದನ್ನು ಶಿಕ್ಷಕರು ಮೊದಲ ಪಾಠದಲ್ಲೇ ಹೇಳಿಬಿಡುವುದು ದೊಡ್ಡ ಉಪಕಾರ, ಏಕೆಂದರೆ ಕಲಿಯುವವರು ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಅಲ್ಲಿಯೇ.

ದ್ವಿತೀಯಾರ್ಧ ಎಣಿಕೆಯ ಕಟ್ಟಿಲ್ಲದೆ ಹಾಡುವ ಫಂದಾಂಗೊಗಳದ್ದು. ಮಾನುವೆಲ್ ತೊರ್ರೆ, ಮನೋಲೊ ಕರಾಕೋಲ್ ಮೊದಲಾದ ಗಾಯಕರು ತಮ್ಮದೇ ಮುದ್ರೆ ಒತ್ತಿದ ಶೈಲಿಗಳಿವು. ಕಾರ್ಡುಗಳ ದಾರಿ ಹೆಚ್ಚುಕಡಿಮೆ ಹಿಂದಿನದೇ ಆದರೂ ಇಲ್ಲಿ ಕಾಲವನ್ನು ಅಳೆಯುವುದು ಗಾಯಕರ ಉಸಿರು. ನಾಲ್ಕನೆಯ ಸಾಲಿನಲ್ಲಿ ಗಾಯಕ ಒಂದೇ ಸ್ವರವನ್ನು ಎಳೆಯುತ್ತ ನಿಂತಾಗ, ಶಿಕ್ಷಕರ ಹೆಬ್ಬೆರಳು ತಂತಿಗೆ ತಾಗಿಯೂ ಮೀಟದೆ ಕಾಯುವುದನ್ನು ಕ್ಯಾಮೆರಾ ತೀರ ಹತ್ತಿರದಿಂದ ತೋರಿಸುತ್ತದೆ. ಅವರ ಕಣ್ಣು ಗಿಟಾರಿನ ಫಲಕದ ಮೇಲಿಲ್ಲ, ಗಾಯಕನ ಬಾಯಿಯ ಮೇಲಿದೆ. ಸ್ವರ ಇಳಿದು ಕುಳಿತ ಮೇಲೆ ಜಿ ಸೆವೆನ್ ಬೀಳುತ್ತದೆ, ಅದರ ಹಿಂದೆಯೇ ಒಂದು ಚಿಕ್ಕ ಉತ್ತರ, ಮತ್ತೆ ಮೌನ. ಈ ಒಂದು ನಿಮಿಷವನ್ನು ನಾನು ಹತ್ತಾರು ಬಾರಿ ನೋಡಿದ್ದೇನೆ. ಕಾರ್ಡನ್ನು ಮುಂಚೆಯೇ ಹಾಕಿ ಗಾಯಕರನ್ನು ನೂಕುವುದು ಎಷ್ಟು ದೊಡ್ಡ ತಪ್ಪೆಂದು ಬರಿಯ ಮಾತಿನಲ್ಲಿ ಹೇಳಿದ್ದರೆ ನನಗೆ ನಾಟುತ್ತಿರಲಿಲ್ಲ.

ಕೊರತೆಗಳೂ ಇವೆ. ಉಯೆಲ್ವಾದಲ್ಲಿ ಊರಿಗೊಂದು ಫಂದಾಂಗೊ ಇದೆ. ಫಂದಾಂಗೊ ಗಾಯಕ ಪಾಕೊ ತೊರೋಂಹೊ ಹುಟ್ಟಿದ ಅಲೋಸ್ನೊ ಊರೊಂದರಲ್ಲೇ ಹಲವು ಬಗೆಗಳಿವೆ. ಹಾಗಿದ್ದೂ ಊರುಗಳ ನಡುವಿನ ವ್ಯತ್ಯಾಸಕ್ಕೆ ಇಲ್ಲಿ ಒಂದೇ ಪಾಠ, ಅದೂ ಅವಸರದ್ದು. ಅದೇ ಕುಟುಂಬಕ್ಕೆ ಸೇರಿದ ವೆರ್ದಿಯಾಲೆಸ್, ಮಲಗೇನ್ಯಾಗಳ ಹೆಸರು ಬಂದು ಹೋಗುತ್ತದೆ, ಅಷ್ಟೇ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇರೆ: ಪಾಠಗಳಲ್ಲಿ ಹಾಡಿರುವುದು ಒಬ್ಬರೇ ಪುರುಷ ಗಾಯಕರು, ಎಲ್ಲವೂ ಇ ನೆಲೆಯ ‘ಪೊರ್ ಅರ್ರಿಬಾ’ದಲ್ಲಿ. ಎ ನೆಲೆಯ ‘ಪೊರ್ ಮೆದಿಯೊ’ದಲ್ಲಿ ಹಾಡು ಎಫ್ ಮೇಜರ್‌ಗೆ ಹೊರಳಿ, ಕೊನೆಗೆ ಬಿ ಫ್ಲಾಟ್‌ನಿಂದ ಎ ಗೆ ಇಳಿಯುತ್ತದೆ, ಬೆರಳುಗಳಿಗೆ ಅದು ಬೇರೆಯೇ ಕೆಲಸ. ಗಾಯಕರ ಶ್ರುತಿ ಕೇಳಿ ಈ ಎರಡರಲ್ಲಿ ಯಾವುದನ್ನು ಆರಿಸಬೇಕು, ಸೆಹಿಯಾ ಎನ್ನುವ ಕೇಪೊವನ್ನು (ಶ್ರುತಿ ಏರಿಸಲು ತಂತಿಗಳನ್ನು ಒತ್ತಿ ಹಿಡಿಯುವ ಪಟ್ಟಿಯನ್ನು) ಯಾವ ಮನೆಗೆ ಕಟ್ಟಬೇಕು ಎಂಬುದು ಪಕ್ಕವಾದ್ಯದವರ ಮೊದಲ ನಿರ್ಧಾರ. ಕಲಿತದ್ದನ್ನು ಒಬ್ಬ ಗಾಯಕಿಯ ಜೊತೆ ನುಡಿಸಲು ಕುಳಿತ ದಿನ ನನಗೆ ಎದುರಾದ ಮೊದಲ ಪ್ರಶ್ನೆಯೇ ಅದು, ಸರಣಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ.