ಹಳದಿ ಟೋನರಿಗೆ ಯಾವ ಪಿಗ್ಮೆಂಟ್, ಜೊತೆಗೆ ಯಾವ ಚಾರ್ಜ್ ಕಂಟ್ರೋಲ್ ಏಜೆಂಟ್?

ಲೇಸರ್ ಪ್ರಿಂಟರಿನ ಪುಡಿಶಾಯಿಯೇ ಟೋನರ್; ಅದಕ್ಕೆ ಬಣ್ಣ ಕೊಡುವ ಪುಡಿ ಪಿಗ್ಮೆಂಟ್, ಕಣಗಳಿಗೆ ಬೇಕಾದ ವಿದ್ಯುತ್ ಚಾರ್ಜ್ ಹಿಡಿಸುವುದು ಚಾರ್ಜ್ ಕಂಟ್ರೋಲ್ ಏಜೆಂಟ್. ಬಣ್ಣದ ಟೋನರುಗಳಲ್ಲಿ ಹೆಚ್ಚು ಕಾಡುವುದು ಹಳದಿ. ಸಯಾನ್‌ಗೆ ತಾಮ್ರದ ಥಾಲೋಸಯನೈನ್, ಅಂದರೆ ಪಿಗ್ಮೆಂಟ್ ಬ್ಲೂ 15:3 ಇದೆ. ಮಜೆಂಟಾಗೆ ಕ್ವಿನಾಕ್ರಿಡೋನ್ ಜಾತಿಯ ರೆಡ್ 122 ಇದೆ. ಹಳದಿಗೆ ಮಾತ್ರ ಯೆಲ್ಲೋ 17, 74, 180 ಮೂರೂ ಪೈಪೋಟಿಗಿವೆ. ಮೂರನ್ನೂ ಒಂದೇ ಅಳತೆಯಲ್ಲಿ ಹಾಕಿ ನೋಡಬೇಕು: 100 ಭಾಗ ಟೋನರಿನಲ್ಲಿ ಪಿಗ್ಮೆಂಟ್ 5, ವ್ಯಾಕ್ಸ್ 4, ಚಾರ್ಜ್ ಏಜೆಂಟ್ 1.5, ಉಳಿದ 89.5 ಭಾಗ ಎಲ್ಲವನ್ನೂ ಹಿಡಿದಿಡುವ ಪ್ಲಾಸ್ಟಿಕ್, ಅಂದರೆ ಪಾಲಿಯೆಸ್ಟರ್ ರೆಸಿನ್. ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರಿನಲ್ಲಿ 110-120 ಡಿಗ್ರಿಯಲ್ಲಿ ಕಲಸಿ, ಗಾಳಿಯ ರಭಸದಿಂದ ಪುಡಿ ಮಾಡುವ ಜೆಟ್ ಮಿಲ್ಲಿನಲ್ಲಿ ಸರಾಸರಿ 8 ಮೈಕ್ರಾನ್‌ಗೆ ಇಳಿಸಿ, ಕೊನೆಗೆ ನೀರು ಹಿಡಿಯದ ಸಿಲಿಕಾ 1 ಭಾಗ ಬೆರೆಸುವುದು.

ಯೆಲ್ಲೋ 17 ಡೈಯಾರಿಲೈಡ್ ಜಾತಿಯದು. ಅಗ್ಗ, ಸುಲಭವಾಗಿ ಹರಡುತ್ತದೆ, ಪಾರದರ್ಶಕತೆಯೂ ಚೆನ್ನ. ಬಣ್ಣವನ್ನಷ್ಟೇ ನೋಡುವುದಾದರೆ ಇದೇ ಗೆಲ್ಲುತ್ತದೆ. ಆದರೆ ಇದರ ಬೆನ್ನೆಲುಬು 3,3'-ಡೈಕ್ಲೋರೋಬೆಂಜಿಡಿನ್. ಪ್ಲಾಸ್ಟಿಕ್ಕಿನೊಳಗೆ 200 ಡಿಗ್ರಿ ದಾಟಿದರೆ ಡೈಯಾರಿಲೈಡ್ ಒಡೆದು ಆ ಡೈಕ್ಲೋರೋಬೆಂಜಿಡಿನ್ ಹೊರಬರಬಹುದು ಎಂಬುದು 1990ರಿಂದ ಗೊತ್ತಿರುವ ವಿಷಯ, ಮತ್ತು ಅದು ಕ್ಯಾನ್ಸರ್‌ಕಾರಕ ಎಂಬ ಶಂಕೆ ಇರುವ ವಸ್ತು. ಟೋನರನ್ನು ಕರಗಿಸಿ ಕಾಗದಕ್ಕೆ ಅಂಟಿಸುವ ಫ್ಯೂಸರ್ ರೋಲರ್ ಸಾಮಾನ್ಯವಾಗಿ 180-200 ಡಿಗ್ರಿಯಲ್ಲಿ ಓಡುತ್ತದೆ. ಜನ ಕೂತು ಕೆಲಸ ಮಾಡುವ ಕೋಣೆಯಲ್ಲಿ ಇರುವ ಯಂತ್ರಕ್ಕೆ ಇಷ್ಟು ಸಣ್ಣ ಅಂತರ ಸಾಲದು. ಹೊಸ ಟೋನರಿಗೆ ಇದನ್ನು ಹಾಕಲೇಬಾರದು.

ಯೆಲ್ಲೋ 74ರಲ್ಲಿ ಆ ಭಯವಿಲ್ಲ, ಬಣ್ಣದ ಬಲವೂ ಜೋರು. ತೊಂದರೆ ಇರುವುದು ಅಣುವಿನ ಗಾತ್ರದಲ್ಲಿ: ಅಣುತೂಕ ಕೇವಲ 386. ಬಿಸಿ ರೆಸಿನ್ನಿನಲ್ಲಿ ಸ್ವಲ್ಪ ಭಾಗ ಕರಗಿ, ತಣ್ಣಗಾದಾಗ ಬೇರೆ ಗಾತ್ರದ ಹರಳಾಗಿ ಮರಳುತ್ತದೆ. ಹಾಗಾಗಿ 110ರಲ್ಲಿ ಕಲಸಿದ ಬ್ಯಾಚಿನ ಬಣ್ಣ 135ರಲ್ಲಿ ಕಲಸಿದ್ದರ ಬಣ್ಣಕ್ಕೆ ಹೊಂದುವುದಿಲ್ಲ. ಅಚ್ಚಾದ ಹಾಳೆಯನ್ನು ಮೆತ್ತನೆಯ ಪಿವಿಸಿ ಫೋಲ್ಡರಿನಲ್ಲಿಟ್ಟು ಮೇಲೆ ಭಾರ ಹೇರಿ 50 ಡಿಗ್ರಿಯಲ್ಲಿ ಕೆಲವು ದಿನ ಬಿಟ್ಟು ನೋಡಿ, ಪ್ಲಾಸ್ಟಿಕ್ ಮೇಲೆ ಹಳದಿ ನೆರಳು ಬಿದ್ದಿದೆಯೇ ಎಂದು.

ಯೆಲ್ಲೋ 180 ಬೆಂಜಿಮಿಡಜೋಲೋನ್. ಅಣುತೂಕ 733. ಅಣುಗಳು ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ, ಕರಗುವುದಿಲ್ಲ, ವಲಸೆ ಹೋಗುವುದಿಲ್ಲ, ಫ್ಯೂಸರ್ ಬಿಸಿ ಇದಕ್ಕೆ ಲೆಕ್ಕವೇ ಅಲ್ಲ. ಅದೇ ಬಿಗಿತನ ಇದರ ಕಷ್ಟವೂ ಹೌದು. ಒಣಪುಡಿಯನ್ನು ನೇರ ಎಕ್ಸ್‌ಟ್ರೂಡರಿಗೆ ಸುರಿದರೆ ಮುದ್ದೆಯಲ್ಲಿ ಹಿಟ್ಟಿನ ಗಂಟು ಉಳಿದಂತೆ ಉಳಿಯುತ್ತದೆ. ಜೆಟ್ ಮಿಲ್ಲಿನಲ್ಲಿ ತುಂಡು ಒಡೆಯುವುದು ಆ ಗಂಟಿನ ಅಂಚಿನಲ್ಲೇ. ಆಗ ಒಂದು ಕಣದ ಮೈಮೇಲೆ ಬರೀ ಪಿಗ್ಮೆಂಟ್, ಇನ್ನೊಂದರ ಮೇಲೆ ಬರೀ ರೆಸಿನ್. ಚಾರ್ಜ್ ಕಣದಿಂದ ಕಣಕ್ಕೆ ಬೇರೆಯಾಗಿ, ಬಿಳಿ ಜಾಗದಲ್ಲೂ ಹಳದಿ ಮಬ್ಬು ಕೂರುತ್ತದೆ. ಆ ಮಬ್ಬಿಗೆ ಚಾರ್ಜ್ ಏಜೆಂಟನ್ನು ದೂರಿ ಅದರ ಅಳತೆ ಏರಿಸುವುದೇ ಎಲ್ಲರೂ ಮಾಡುವ ತಪ್ಪು.

ಪರಿಹಾರ ಮಾಸ್ಟರ್‌ಬ್ಯಾಚ್, ಅಂದರೆ ರೆಸಿನ್ನಿನಲ್ಲಿ ಮೊದಲೇ ದಟ್ಟವಾಗಿ ಹರಡಿಟ್ಟ ಪಿಗ್ಮೆಂಟ್, ಅದೂ ಒದ್ದೆ ಪ್ರೆಸ್ ಕೇಕಿನಿಂದ (ಸೋಸಿ ಹಿಂಡಿದ, ಇನ್ನೂ ಒಣಗಿಸದ ಪಿಗ್ಮೆಂಟ್ ಮುದ್ದೆ). ಒಮ್ಮೆ ಒಣಗಿಸಿದರೆ ಗಂಟು ಗಟ್ಟಿಯಾಗುತ್ತದೆ. ಘನಾಂಶ ಶೇ. 30 ಇರುವ ಕೇಕ್ ಸುಮಾರು 133 ಭಾಗ ತೂಗಿದರೆ ಪಿಗ್ಮೆಂಟ್ 40 ಭಾಗ ಸಿಗುತ್ತದೆ. ಇದಕ್ಕೆ ಬೇಗ ಮೆತ್ತಗಾಗುವ ಪಾಲಿಯೆಸ್ಟರ್ 60 ಭಾಗ ಸೇರಿಸಿ ನೀಡರಿನಲ್ಲಿ 90-100 ಡಿಗ್ರಿಯಲ್ಲಿ ನಾದಿ. ಪಿಗ್ಮೆಂಟ್ ರೆಸಿನ್ನಿಗೆ ಹೋಗುತ್ತಿದ್ದಂತೆ ನೀರು ತಿಳಿಯಾಗಿ ಬೇರೆಯಾಗುತ್ತದೆ. ನೀರು ಇನ್ನೂ ಹಳದಿಯಾಗಿದ್ದರೆ ಬಸಿಯಬೇಡಿ, ನಾದುವುದನ್ನು ಮುಂದುವರಿಸಿ. ಬಸಿದ ಮೇಲೆ 120 ಡಿಗ್ರಿಗೆ ಏರಿಸಿ ಉಳಿದ ತೇವ ಓಡಿಸಿ. ತೇವ ಉಳಿದರೆ ಮುಂದಿನ ಬಿಸಿಯಲ್ಲಿ ಪಾಲಿಯೆಸ್ಟರ್ ಸರಪಳಿ ತುಂಡಾಗಿ ಟೋನರ್ ಫ್ಯೂಸರಿಗೆ ಅಂಟುತ್ತದೆ. ನಂತರ ಟೂ-ರೋಲ್ ಮಿಲ್ಲಿನಲ್ಲಿ ಎರಡು ಮೂರು ಸಲ ಹಾಯಿಸಿ. ಟೋನರಿಗೆ ಇದರಲ್ಲಿ 12.5 ಭಾಗ, ಹೊಸ ರೆಸಿನ್ 82 ಭಾಗ.

ಗಂಟು ಉಳಿದಿದೆಯೇ ಎಂದು ತಿಳಿಯಲು ಸಾಸಿವೆ ಕಾಳಿನಷ್ಟು ತುಣುಕನ್ನು ಎರಡು ಕವರ್ ಗ್ಲಾಸ್ ನಡುವೆ ಇಟ್ಟು, 140 ಡಿಗ್ರಿ ಹಾಟ್ ಪ್ಲೇಟಿನ ಮೇಲೆ ಒತ್ತಿ ತೆಳುವಾಗಿಸಿ, 400 ಪಟ್ಟು ಹಿಗ್ಗಿಸಿ ನೋಡಿ. ಗಾಜು ಇಡೀ ಒಂದೇ ಹಳದಿಯಾಗಿರಬೇಕು. ಕಡುಚುಕ್ಕೆ ಕಂಡರೆ ಮತ್ತೆ ರೋಲಿಗೆ.

ಈಗ ಚಾರ್ಜ್ ಏಜೆಂಟ್. ಕ್ರೋಮಿಯಂ ಮತ್ತು ಕಬ್ಬಿಣದ ಅಜೋ ಸಂಕೀರ್ಣಗಳು ಋಣ ಚಾರ್ಜನ್ನು ಗಟ್ಟಿಯಾಗಿ ಕೊಡುತ್ತವೆ, ಆದರೆ ಮೈಬಣ್ಣ ಕಪ್ಪು. ಹಳದಿಗೆ ಒಂದು ಭಾಗ ಹಾಕಿದರೂ ಕೊಳಕು ಆಲಿವ್ ಬಣ್ಣಕ್ಕೆ ತಿರುಗುತ್ತದೆ. ಕಪ್ಪು ಟೋನರಿಗೆ ಕಬ್ಬಿಣದ್ದು ಒಳ್ಳೆಯದು, ಕ್ರೋಮಿಯಂ ಗೊಡವೆಯೂ ಇಲ್ಲ. ಹಳದಿಗೆ ಬೇಕಾದ್ದು ಬಿಳಿಪುಡಿ: ಡೈ-ಟರ್ಷರಿ-ಬ್ಯುಟೈಲ್ ಸ್ಯಾಲಿಸಿಲಿಕ್ ಆಮ್ಲದ ಸತುವಿನ ಸಂಕೀರ್ಣ. ಬೋರಾನ್ ಸಂಕೀರ್ಣವೂ ಕ್ಯಾಲಿಕ್ಸರೀನೂ ಬಣ್ಣವಿಲ್ಲದವೇ. ಆದರೂ ಪಾಲಿಯೆಸ್ಟರ್ ಜೊತೆ ಮೊದಲ ಆಯ್ಕೆ ಸತುವಿನದೇ ಆಗಲಿ.

ಅಳತೆ ನಿರ್ಧರಿಸಲು 0, 0.5, 1.5, 3 ಭಾಗದ ನಾಲ್ಕು ಮಾದರಿ ಮಾಡಿ. ಟೋನರ್ 4 ಗ್ರಾಂ, ಉಜ್ಜಿ ಟೋನರಿಗೆ ಚಾರ್ಜ್ ಕೊಡುವ ಕಾಂತೀಯ ಕಣಗಳು, ಅಂದರೆ ಫೆರೈಟ್ ಕ್ಯಾರಿಯರ್ 96 ಗ್ರಾಂ ಬಾಟಲಿಗೆ ಹಾಕಿ ಉರುಳಿಸಿ. 1, 10, 30 ನಿಮಿಷಕ್ಕೆ, ಆಮೇಲೆ 2 ಗಂಟೆಗೆ ಬ್ಲೋ-ಆಫ್ ಮಾಪಕದಲ್ಲಿ (ಟೋನರನ್ನು ಗಾಳಿಯಿಂದ ಊದಿ ಬೇರ್ಪಡಿಸಿ ಅಳೆಯುವ ಉಪಕರಣ) ಚಾರ್ಜ್ ಓದಿ. ಏಜೆಂಟ್ ಇಲ್ಲದ ಮಾದರಿಯೂ ಚಾರ್ಜ್ ಆಗುತ್ತದೆ, ಏಕೆಂದರೆ ಪಾಲಿಯೆಸ್ಟರಿನ ಆಮ್ಲದ ತುದಿಗಳೇ ಋಣದ ಕಡೆಗೆ ಎಳೆಯುತ್ತವೆ. ಆದರೆ ಅದು ನಿಧಾನ, ತೇವದ ಗಾಳಿಯಲ್ಲಿ ಕುಸಿಯುತ್ತದೆ ಕೂಡ. ನೋಡಬೇಕಾದ್ದು ಗರಿಷ್ಠ ಅಂಕಿಯನ್ನಲ್ಲ, 1 ನಿಮಿಷದ ಮತ್ತು 30 ನಿಮಿಷದ ಅಂಕಿಗಳ ಅಂತರವನ್ನು. ಅಂತರ ಕಡಿಮೆಯಿದ್ದರೆ ಹೊಸದಾಗಿ ಬಿದ್ದ ಟೋನರ್ ಹಳೆಯದರ ಜೊತೆ ಬೇಗ ಸರಿಹೊಂದುತ್ತದೆ. 3 ಭಾಗಕ್ಕೆ ಏರಿಸಿದರೆ ಹೆಚ್ಚುವರಿ ಪುಡಿ ಕ್ಯಾರಿಯರ್ ಮೈಗೆ ಮೆತ್ತಿಕೊಂಡು, 2 ಗಂಟೆಯ ಅಂಕಿ ಇಳಿಯತೊಡಗುತ್ತದೆ. 1ರಿಂದ 2 ಭಾಗದೊಳಗೆ ನಿಲ್ಲಿಸುವುದು ಕ್ಷೇಮ.

ಇದೇ ಪರೀಕ್ಷೆಯನ್ನು 10 ಡಿಗ್ರಿ, ಶೇ. 20 ತೇವದಲ್ಲೂ, 30 ಡಿಗ್ರಿ, ಶೇ. 80 ತೇವದಲ್ಲೂ ಒಂದು ದಿನ ಇಟ್ಟ ಮಾದರಿಗಳ ಮೇಲೆ ಮಾಡಿ. ಮಂಗಳೂರಿನ ಜುಲೈ ತಿಂಗಳಿಗೆ ಎರಡನೆಯದು ಅತಿಶಯವೇನಲ್ಲ.

ಧನ ಚಾರ್ಜ್ ಬೇಕಾದ ಯಂತ್ರಕ್ಕೆ ಈ ಸತುವಿನ ಪುಡಿ ಉಪಯೋಗವಿಲ್ಲ. ಬ್ರದರ್, ಕ್ಯೋಸೆರಾ ಟೋನರುಗಳು ಧನ ಜಾತಿಯವು. ಕಪ್ಪಿಗೆ ನೈಗ್ರೋಸಿನ್, ಬಣ್ಣಕ್ಕೆ ಕ್ವಾಟರ್ನರಿ ಅಮೋನಿಯಂ ಲವಣ ಹೊಂದುತ್ತದೆ. ಲವಣದ ಜೊತೆಯ ಋಣ ಅಯಾನು ಕ್ಲೋರೈಡ್ ಆಗಿದ್ದರೆ ನೀರಿನಲ್ಲಿ ಕರಗಿ ಮಳೆಗಾಲದಲ್ಲಿ ಕೈಕೊಡುತ್ತದೆ, ನ್ಯಾಫ್ಥಾಲ್ ಸಲ್ಫೋನೇಟ್ ಇರುವುದನ್ನೇ ಕೇಳಿ ಪಡೆಯಿರಿ. ಫ್ಯೂಸರ್ ರೋಲರಿಗೆ ಫ್ಲೋರೋಕಾರ್ಬನ್ ರಬ್ಬರ್ ಹೊದಿಕೆ ಇದ್ದರೆ ಇನ್ನೂ ಎಚ್ಚರ: ಅಮೋನಿಯಂ ಲವಣಗಳು ಆ ರಬ್ಬರನ್ನು ತಿಂದು ಬಿರುಕು ಬಿಡಿಸಬಲ್ಲವು.