ಆನ್‌ಲೈನ್ ಪಾಠಕ್ಕೆ ವಿಡಿಯೋನಾ, ಸ್ಕಾರ್ಮಾ, ಎಚ್5ಪಿಯಾ?

ಆನ್‌ಲೈನ್ ಬಿಕಾಂ ಮಕ್ಕಳಿಗೆ ನಾನು ಸ್ಟಾಟಿಸ್ಟಿಕ್ಸ್ ಹೇಳಿಕೊಡುತ್ತೇನೆ. ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ, ಅದರ ಪಾಠವನ್ನು ವಿಡಿಯೋ, ಸ್ಕಾರ್ಮ್, ಎಚ್5ಪಿ ಅಂತ ಮೂರು ಬಗೆಯಲ್ಲಿ ಮಾಡಿ ನೋಡಿದ್ದೇನೆ. ಯಾವುದು ಚಂದ ಕಾಣುತ್ತದೆ ಅನ್ನುವುದು ಒಂದು ಲೆಕ್ಕ. ಮುಂದಿನ ವರ್ಷ ಅದನ್ನೇ ತಿದ್ದಿ ಬಳಸಲು, ಇನ್ನೊಬ್ಬ ಮೇಷ್ಟ್ರಿಗೆ ಕೊಡಲು ಆಗುತ್ತದಾ ಅನ್ನುವುದು ಬೇರೆಯೇ ಲೆಕ್ಕ. ನಾನು ನೋಡಿದ್ದು ಎರಡನೆಯದನ್ನು.

ಮೂರರಲ್ಲೂ ಉದಾಹರಣೆ ಒಂದೇ. ಧಕ್ಕೆಯಲ್ಲಿ, ಅಂದರೆ ಮೀನಿನ ಬಂದರಿನಲ್ಲಿ, ಬಂಗುಡೆ ಮೀನಿನ ದರ ಐದು ದಿನ ಕಿಲೋಗೆ 180, 200, 220, 190, 210 ರೂಪಾಯಿ ಅಂತಿಟ್ಟುಕೊಳ್ಳಿ. ಇನ್ನೊಂದು ವಾರ 100, 300, 200, 150, 250. ಎರಡರ ಸರಾಸರಿಯೂ 200. ಡೀವಿಯೇಷನ್ ಮಾತ್ರ ಮೊದಲ ವಾರ ಸುಮಾರು 14, ಎರಡನೇ ವಾರ ಸುಮಾರು 71. ಮೀನೂಟದ ಹೋಟೆಲ್ ನಡೆಸುವವರಿಗೆ ಯಾವ ವಾರ ತಲೆನೋವು ಅಂತ ಕೇಳಿದರೆ ಸಾಕು, ಮಂಗಳೂರಿನ ಮಕ್ಕಳಿಗೆ ಬೇರೆ ವಿವರಣೆ ಬೇಡ.

ವಿಡಿಯೋ ಮಾಡುವುದು ಸುಲಭ, ಮಕ್ಕಳಿಗೂ ಇಷ್ಟ. ಆದರೆ ಒಂದು ಅಂಕಿ ಬದಲಿಸಬೇಕೆಂದರೆ ಮತ್ತೆ ಕ್ಯಾಮೆರಾ ಮುಂದೆ ಕೂರಬೇಕು. ಟ್ರಾಲಿಂಗ್ ನಿಷೇಧದ ಜೂನ್, ಜುಲೈಯ ದರ ಸೇರಿಸೋಣ ಅಂದರೆ ಅದಕ್ಕೂ ಹೊಸ ರೆಕಾರ್ಡಿಂಗ್. ಬೇರೆ ಕಾಲೇಜಿನವರು ತಮ್ಮ ಉದಾಹರಣೆ ಹಾಕಿಕೊಳ್ಳುವ ಮಾತೇ ಇಲ್ಲ. ಬರೀ ವಿವರಣೆಗಾದರೆ ಎನ್‌ಪಿಟಿಇಎಲ್ ಅನ್ನುವ ಉಚಿತ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿಯವರ ಪಾಠಗಳೇ ಬೇಕಾದಷ್ಟು ಉಂಟು, ನಾನ್ಯಾಕೆ ಸುಮ್ನೆ ಗಂಟಲು ಹರಿದುಕೊಳ್ಳಲಿ?

ಸ್ಕಾರ್ಮ್ ಅಂದರೆ ಆನ್‌ಲೈನ್ ಪಾಠವನ್ನು ಯಾವ ಸಿಸ್ಟಮ್ಮಿನಲ್ಲೂ ಓಡುವ ಹಾಗೆ ಪ್ಯಾಕೇಜ್ ಮಾಡುವ ಹಳೆಯ ಮಾನದಂಡ. ಈಗಲೂ ಜಾಸ್ತಿ ಓಡಾಡುವ 1.2 ಆವೃತ್ತಿ ಬಂದದ್ದು 2001ರಲ್ಲಿ. ಪಾಠವನ್ನೆಲ್ಲ ಒಂದು ಜಿಪ್ ಫೈಲಿನಲ್ಲಿ ಕಟ್ಟಿ ಮೂಡಲ್‌ಗೆ, ಅಂದರೆ ಕಾಲೇಜು ಆನ್‌ಲೈನ್ ಪಾಠ, ಅಂಕ ಇಡುವ ಸಾಫ್ಟ್‌ವೇರಿಗೆ, ಏರಿಸಿದರೆ ಆಯಿತು. ಯಾರು ಎಲ್ಲಿಯವರೆಗೆ ನೋಡಿದರು, ಎಷ್ಟು ಅಂಕ ಬಂತು, ಎಲ್ಲ ತಾನಾಗಿ ದಾಖಲಾಗುತ್ತದೆ. ಹಾಜರಿ, ಅಂಕ ಕೇಳುವ ಆಫೀಸಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಯಾವ ಕಾಲೇಜಿನ ಸಿಸ್ಟಮ್ಮಿಗೆ ಹಾಕಿದರೂ ಹೆಚ್ಚುಕಮ್ಮಿ ಓಡುತ್ತದೆ.

ತಿದ್ದುವ ಕಥೆ ಮಾತ್ರ ಕೇಳಬೇಡಿ ಮಾರಾಯ್ರೆ. ನಾನು ಹಿಂದೆ ಇದ್ದ ಒಂದು ಕಾಲೇಜಿನಲ್ಲಿ ಇಂಥ ಪ್ಯಾಕೇಜುಗಳ ರಾಶಿಯೇ ಇತ್ತು. ಮಾಡಿದವರು ಕೆಲಸ ಬಿಟ್ಟು ಹೋಗಿದ್ದರು, ಮೂಲ ಪ್ರಾಜೆಕ್ಟ್ ಫೈಲು ಅವರ ಲ್ಯಾಪ್‌ಟಾಪಿನ ಜೊತೆ ಹೋಯಿತು. ಪ್ಯಾಕೇಜ್ ಮಾಡುವ ಸಾಫ್ಟ್‌ವೇರಿಗೆ ವರ್ಷ ವರ್ಷ ದುಡ್ಡು ಕಟ್ಟಬೇಕು, ಕಟ್ಟಿರಲಿಲ್ಲ. ಜಿಪ್ ಬಿಚ್ಚಿದರೆ ಒಳಗೆ ಏನೇನಿದೆ ಅಂತ ಪಟ್ಟಿ ಮಾಡಿದ ಒಂದು ಮ್ಯಾನಿಫೆಸ್ಟ್ ಫೈಲು, ಉಳಿದದ್ದೆಲ್ಲ ಕೋಡು. ಒಂದು ಕಾಗುಣಿತ ತಪ್ಪು ಕಣ್ಣೆದುರೇ ಇದ್ದರೂ ಸರಿಮಾಡುವ ದಾರಿ ಇರಲಿಲ್ಲ.

ಎಚ್5ಪಿ ನನಗೆ ಹಿಡಿಸಿದ್ದು ಇಲ್ಲೇ. ಇದು ಪ್ರಶ್ನೆ, ಚಟುವಟಿಕೆ ಇರುವ ಪಾಠ ಮಾಡುವ ಸಾಧನ, ಉಚಿತ, ಓಪನ್ ಸೋರ್ಸ್. 2020ರಲ್ಲಿ ಬಂದ ಮೂಡಲ್ 3.9ರಿಂದ ಈಚೆಗೆ ಮೂಡಲ್ ಒಳಗೇ ಪಾಠ ಮಾಡಬಹುದು, ಅಲ್ಲೇ ತಿದ್ದಬಹುದು. ಬಿಟ್ಟ ಸ್ಥಳದ ಪ್ರಶ್ನೆಯಲ್ಲಿ ಉತ್ತರವನ್ನು ಎರಡು ನಕ್ಷತ್ರ ಚಿಹ್ನೆಗಳ ನಡುವೆ ಬರೆಯಬೇಕು, ಅಷ್ಟೇ. ಮೊದಲು ಬರೀ 14.14 ಅಂತ ಹಾಕಿದ್ದೆ. 14.1 ಬರೆದವರಿಗೆಲ್ಲ ಕೆಂಪು ಗುರುತು ಬಿತ್ತು, ಗ್ರೂಪಿನಲ್ಲಿ ಜಗಳ. *14.14/14.1* ಅಂತ ಒಂದು ಓರೆಗೆರೆ ಹಾಕಿದ ಮೇಲೆ ಎರಡೂ ಸರಿ. ಸ್ಕಾರ್ಮಿನಲ್ಲಾದರೆ ಇಷ್ಟಕ್ಕೆ ಇಡೀ ಪ್ಯಾಕೇಜನ್ನೇ ಮತ್ತೆ ಕಟ್ಟಬೇಕಿತ್ತು.

ಡೌನ್‌ಲೋಡಿಗೆ ಬಿಟ್ಟರೆ ಪಾಠದ ಕೆಳಗೇ ಒಂದು ಬಟನ್ ಬರುತ್ತದೆ. ಒತ್ತಿದರೆ ತಿದ್ದಲು ಬರುವ ಫೈಲೇ ಕೈಗೆ ಸಿಗುತ್ತದೆ. ಉಡುಪಿಯ ಗೆಳೆಯರೊಬ್ಬರು ನನ್ನ ಬಂಗುಡೆ ತೆಗೆದು ಮಲ್ಪೆಯ ಬೂತಾಯಿ ಹಾಕಿಕೊಂಡರು, ಚಹಾ ಮುಗಿಯುವುದರೊಳಗೆ.

ತೊಂದರೆಯೂ ಉಂಟು. ಮಳೆಗಾಲದಲ್ಲಿ ಸುಳ್ಯ, ಬೆಳ್ತಂಗಡಿ ಕಡೆ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ಆಗ ಲುಮಿ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಅದೇ ಪಾಠವನ್ನು ಒಂದೇ ಎಚ್‌ಟಿಎಂಎಲ್ ಫೈಲಾಗಿ ಮಾಡಿ ವಾಟ್ಸಾಪಿನಲ್ಲಿ ಕಳಿಸುತ್ತೇನೆ. ಒಮ್ಮೆ ಇಳಿಸಿಕೊಂಡರೆ ಮೊಬೈಲಿನಲ್ಲಿ ನೆಟ್ ಇಲ್ಲದೆ ತೆರೆಯುತ್ತದೆ. ಆದರೆ ಅಂಕ ಮೂಡಲ್‌ಗೆ ಬರುವುದಿಲ್ಲ, ಸ್ಕ್ರೀನ್‌ಶಾಟ್ ನೋಡಿ ಕೈಯಲ್ಲೇ ಏರಿಸಬೇಕು. ಆಫೀಸಿಗೆ ಸ್ಕಾರ್ಮೇ ಬೇಕು ಅಂದರೆ ಲುಮಿಯಿಂದ ಅದನ್ನೂ ತೆಗೆಯಬಹುದು. ಹಾಗಾಗಿ ಮೂಲ ಎಚ್5ಪಿಯಲ್ಲಿ, ಆಫೀಸಿಗೆ ಬೇಕಾದಾಗ ಸ್ಕಾರ್ಮ್, ಇದು ನನ್ನ ಈಗಿನ ಪದ್ಧತಿ.

ಇನ್ನು ಲೈಸೆನ್ಸ್. ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಅನ್ನುವ ಉಚಿತ ಪಠ್ಯಪುಸ್ತಕ ಯೋಜನೆಯ ಸ್ಟಾಟಿಸ್ಟಿಕ್ಸ್ ಪುಸ್ತಕದಿಂದ ಲೆಕ್ಕ ತೆಗೆದು ಡಾಲರನ್ನು ರೂಪಾಯಿ ಮಾಡಿಕೊಳ್ಳಲು ಅದರ ಲೈಸೆನ್ಸೇ ಬಿಡುತ್ತದೆ, ಮೂಲದ ಹೆಸರು ಹಾಕಬೇಕು. ಆದರೆ ಕ್ರಿಯೇಟಿವ್ ಕಾಮನ್ಸ್ (ಬೇರೆಯವರು ಹೇಗೆ ಬಳಸಬಹುದು ಅಂತ ಹೇಳುವ ಮುಕ್ತ ಲೈಸೆನ್ಸ್) ಗುರುತಿನಲ್ಲಿ ಎನ್‌ಡಿ ಅಂತ ಕಂಡರೆ ಹಂಚಬಹುದು, ತಿದ್ದಿದ್ದನ್ನು ಹಂಚುವಂತಿಲ್ಲ. ಎಚ್5ಪಿಯಲ್ಲಿ ಲೈಸೆನ್ಸ್ ಬರೆಯಲು ಜಾಗ ಉಂಟು. ನಾನು ಅಲ್ಲಿ ಸಿಸಿ ಬೈ, ಅಂದರೆ ಮೂಲದ ಹೆಸರು ಹಾಕಿದರೆ ಸಾಕು ಅನ್ನುವ ಲೈಸೆನ್ಸ್, ಹಾಕುತ್ತೇನೆ, ಬೇಕಾದವರು ಕೇಳದೆ ತೆಗೆದುಕೊಳ್ಳಲಿ ಅಂತ.